ಕುಡಿತದ ಮನೆಯಲ್ಲಿ ಉಪಗೂಹನ ಮತ್ತು ಸ್ಥಿತೀಕರಣ

ಮದ್ಯತ್ಯಾಗವು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಒಂದು. ಮದ್ಯಪಾನವು ಸಪ್ತವ್ಯಸನಗಳಲ್ಲಿ ಒಂದು. ಆದುದರಿಂದಲೇ ಜೈನ ಮನೆಯೊಂದರಲ್ಲಿ ಒಬ್ಬನು ಕುಡಿತಕ್ಕೆ ಬಿದ್ದಾಗ ಮನೆಯವರಿಗೆ ದುಃಖಕ್ಕಿಂತ ಮೊದಲು ನಾಚಿಕೆಯುಂಟಾಗುತ್ತದೆ. ಅಂಗಡಿಗೆ ಬಾರದ ಮಗನಿಗೆ ಜ್ವರವೆಂದು ತಂದೆ ಹೇಳುತ್ತಾನೆ. ಬಸದಿಗೆ ಬಾರದ ಗಂಡನು ಊರಿನಲ್ಲಿಲ್ಲವೆಂದು ಹೆಂಡತಿ ಹೇಳುತ್ತಾಳೆ. ತಮ್ಮನ ಸಾಲವನ್ನು ಅಣ್ಣನು ಸದ್ದಿಲ್ಲದೆ ತೀರಿಸುತ್ತಾನೆ. ಸಹಧರ್ಮಿಯ ದೋಷವನ್ನು ಬಯಲಿಗೆಳೆಯದಿರುವುದು ಸಮ್ಯಗ್ದರ್ಶನದ ಅಂಗವಾದ ಉಪಗೂಹನವಲ್ಲವೆ ಎಂಬುದು ಅವರ ಸಮಾಧಾನ.

ಉಪಗೂಹನಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೆಸರಿಸಿರುವುದು ಜಿನೇಂದ್ರಭಕ್ತನೆಂಬ ಶ್ರೇಷ್ಠಿಯನ್ನು. ವ್ರತಿಯ ವೇಷ ತೊಟ್ಟ ಕಳ್ಳನೊಬ್ಬನು ಶ್ರೇಷ್ಠಿಯ ಚೈತ್ಯಾಲಯದ ರತ್ನವನ್ನು ಕದ್ದು ಸಿಕ್ಕಿಬಿದ್ದನು. ತಾನೇ ಅದನ್ನು ತರಹೇಳಿದ್ದೆನೆಂದು ನುಡಿದು ಶ್ರೇಷ್ಠಿಯು ಧರ್ಮಕ್ಕೆ ಬರಬಹುದಾದ ಅಪವಾದವನ್ನು ತಪ್ಪಿಸಿದನು. ಕಥೆಯು ಅಲ್ಲಿಗೆ ಮುಗಿಯುವುದಿಲ್ಲ. ರಾತ್ರಿಯಲ್ಲಿ ಅವನನ್ನು ಅಲ್ಲಿಂದ ಹೊರಡಿಸಿದನು. ಜನರ ಮುಂದೆ ಮುಚ್ಚಿದ ದೋಷವು ಒಳಗೆ ಮುಂದುವರಿಯಲು ಅವನು ಎಡೆಗೊಡಲಿಲ್ಲ. ಮನೆಯವರ ಸುಳ್ಳು ಮಾಡುವುದು ಇದಕ್ಕೆ ವಿರುದ್ಧವಾದುದನ್ನು. ಅದು ದೋಷವನ್ನು ಬೆಳೆಸುತ್ತದೆ.

ಹಾಗಾದರೆ ಕಳ್ಳನನ್ನು ಹೊರಡಿಸಿದಂತೆ ಮಗನನ್ನೂ ಹೊರಡಿಸಬೇಕೆ? ಅದಕ್ಕೆ ಉತ್ತರವು ಮುಂದಿನ ಅಂಗವಾದ ಸ್ಥಿತೀಕರಣದಲ್ಲಿದೆ. ದೀಕ್ಷೆ ಪಡೆದ ಬಳಿಕವೂ ಹೆಂಡತಿಯ ನೆನಪಿನಲ್ಲಿಯೇ ಇದ್ದ ಪುಷ್ಪಡಾಲನನ್ನು ವಾರಿಷೇಣ ಮುನಿಗಳು ನಿಂದಿಸಲಿಲ್ಲ. ತಮ್ಮ ಅರಮನೆಗೆ ಕರೆದೊಯ್ದು, ತಾವು ತೊರೆದುಬಂದ ಐಶ್ವರ್ಯವನ್ನೂ ಅಂತಃಪುರವನ್ನೂ ತೋರಿಸಿದರು. ಜಾರುವವನನ್ನು ನಿಲ್ಲಿಸಿದುದು ಅದೇ ಮೋಹವನ್ನು ದಾಟಿ ಬಂದವರ ಸಂಗ.

1935ರಲ್ಲಿ ಅಮೆರಿಕದ ಏಕ್ರನ್ ನಗರದಲ್ಲಿ ನಡೆದ ಸಂಗತಿಯೂ ಇಂತಹುದೇ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಅವರು ವ್ಯವಹಾರಕ್ಕೆಂದು ಅಲ್ಲಿಗೆ ಬಂದಿದ್ದರು. ಕಾರ್ಯ ಕೈಗೂಡದೆ ಹೋಟೆಲಿನಲ್ಲಿ ಒಂಟಿಯಾಗಿದ್ದಾಗ ಹಳೆಯ ಸೆಳೆತ ಮರುಕಳಿಸಿತು. ಅಲ್ಲಿದ್ದ ಚರ್ಚುಗಳ ಪಟ್ಟಿಯನ್ನು ನೋಡಿ ದೂರವಾಣಿ ಮಾಡಿದ ಅವರು, ಮಾತನಾಡಲು ತಮ್ಮಂತಹ ಇನ್ನೊಬ್ಬನನ್ನು ತೋರಿಸಿಕೊಡಿರೆಂದು ಕೇಳಿಕೊಂಡರು. ಹಾಗೆ ದೊರೆತವರು ಶಸ್ತ್ರವೈದ್ಯರಾದ ಬಾಬ್ ಸ್ಮಿತ್. ಆ ಇಬ್ಬರಿಂದ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ 1957ರಲ್ಲಿ ಭಾರತಕ್ಕೆ ಬಂದಿತು. ಬಿಡಬೇಕೆಂಬ ಇಚ್ಛೆಯೊಂದೇ ಅದರಲ್ಲಿ ಸೇರುವ ಅರ್ಹತೆ; ಶುಲ್ಕವಿಲ್ಲ, ಮನೆತನದ ಹೆಸರನ್ನು ಹೇಳಬೇಕಿಲ್ಲ. ದೋಷವು ಊರಿಗೆ ಮರೆಯಾಗಿದ್ದು, ಅದನ್ನು ಬಲ್ಲವರ ಮುಂದೆ ಮಾತ್ರ ತೆರೆದುಕೊಳ್ಳುತ್ತದೆ. ಉಪಗೂಹನ, ಸ್ಥಿತೀಕರಣಗಳೆರಡೂ ಅಲ್ಲಿ ಒಂದೇ ಕೋಣೆಯಲ್ಲಿ ಕೂಡುತ್ತವೆ. ಇಂದಿನ ಒಂದು ದಿನ ಕುಡಿಯೆನೆಂಬ ಅವರ ಸಂಕಲ್ಪವು ಕಾಲಮಿತಿಯ ತ್ಯಾಗವಾದ ನಿಯಮವನ್ನು ಹೋಲುತ್ತದೆ. ಯಾವಜ್ಜೀವದ ಯಮಕ್ಕೆ ಅದು ಮೆಟ್ಟಿಲು.

ತನ್ನ ಕರ್ಮವನ್ನು ತಾನೇ ನೀಗಬೇಕು, ಪರರ ಸಭೆಯಿಂದೇನು ಎನ್ನುವವರುಂಟು. ಜೀವಗಳು ಒಂದಕ್ಕೊಂದು ಉಪಕಾರ ಮಾಡುವುವೆಂದು ತಿಳಿಸಿದವರೂ ಉಮಾಸ್ವಾಮಿ ಆಚಾರ್ಯರೇ. ನಮ್ಮ ನಾಡಿನಲ್ಲಿ ಇದಕ್ಕೆ ಜೀವಂತ ನಿದರ್ಶನವಿದೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ 1982ರಲ್ಲಿ ಆರಂಭವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಜನಜಾಗೃತಿ ವೇದಿಕೆಯೊಡನೆ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ. ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ಗಳಲ್ಲಿ ಕೂಡಿ ಪರಸ್ಪರ ಆಸರೆಯಾಗುತ್ತಾರೆ.

ಆದರೆ ಕೊಡಗಿನ ಶನಿವಾರಸಂತೆಯಂತಹ ಊರಿನಲ್ಲಿ ಇಂತಹ ಸಭೆಯನ್ನು ಹುಡುಕುವುದೇ ಕಷ್ಟದ ಕೆಲಸ. ಸುತ್ತಲಿನ ಕಾಫಿತೋಟಗಳವರೆಲ್ಲ ಬಂದು ಕೂಡುವ ಸಂತೆಯ ಊರಿನಲ್ಲಿ ಯಾರು ಯಾವ ಬಾಗಿಲನ್ನು ಹೊಕ್ಕರೆಂಬುದು ಸಂಜೆಯೊಳಗೆ ತಿಳಿದುಹೋಗುತ್ತದೆ. ಮದ್ಯದಂಗಡಿಯ ಬಾಗಿಲಲ್ಲಿ ಕಳೆದುಹೋದ ನಾಚಿಕೆಯು ಸಭೆಯ ಬಾಗಿಲಲ್ಲಿ ಮರಳಿ ಬರುತ್ತದೆ. ಅಂತಹವರು ಸೋಮವಾರಪೇಟೆಯಲ್ಲಿಯೋ ಕುಶಾಲನಗರದಲ್ಲಿಯೋ ಹಾಸನದಲ್ಲಿಯೋ ಸಭೆಯನ್ನು ವಿಚಾರಿಸಿ ಹೋದರೆ ಅದು ಹೇಡಿತನವಲ್ಲ. ಗ್ರಾಮಾಭಿವೃದ್ಧಿ ಯೋಜನೆಯ ತಾಲ್ಲೂಕು ಕಚೇರಿ, ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮನೋವೈದ್ಯರು, 14446 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ — ಇಲ್ಲಿ ವಿಚಾರಿಸಬಹುದು. ಒಂದು ಎಚ್ಚರ ಅವಶ್ಯ: ಬಹುಕಾಲ ವಿಪರೀತವಾಗಿ ಕುಡಿದವರು ಒಮ್ಮೆಲೆ ನಿಲ್ಲಿಸಿದರೆ ಸೆಳವು, ಸನ್ನಿ ಬಂದು ಪ್ರಾಣಾಪಾಯವೂ ಆಗಬಹುದು. ಅಂತಹವರು ಮೊದಲು ವೈದ್ಯರನ್ನು ಕಾಣಬೇಕು. ಸಭೆಯು ಚಿಕಿತ್ಸೆಗೆ ಬದಲಿಯಲ್ಲ.

ಶನಿವಾರಸಂತೆಗೆ ಸಮೀಪದ ಮುಳ್ಳೂರಿನಲ್ಲಿ 11ನೆಯ ಶತಮಾನದ, ಕೊಂಗಾಳ್ವರ ಕಾಲದ ಬಸದಿಗಳಿವೆ. ಅಂತಹ ಪರಂಪರೆಗೆ ವಾರಸುದಾರರಾದ ನಮ್ಮ ಟ್ರಸ್ಟುಗಳು ತಮ್ಮನ್ನು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ವಿಲ್ಸನ್ ಅವರಂತೆ ಒಬ್ಬನು ಇಂದು ಸಂಜೆ ಬಸದಿಯ ಕಚೇರಿಗೆ ದೂರವಾಣಿ ಮಾಡಿದರೆ, ಅವನ ಹೆಸರನ್ನು ಕೇಳದೆ ಸಭೆಯ ಊರನ್ನೂ ವೇಳೆಯನ್ನೂ ತಿಳಿಸಬಲ್ಲವರು ಅಲ್ಲಿದ್ದಾರೆಯೆ? ಆ ವಿವರವನ್ನು ಸೂಚನಾ ಫಲಕದಲ್ಲಿ ಬರೆಯಿಸಲು ಖರ್ಚಿಲ್ಲ. ವಾರಕ್ಕೊಂದು ಸಂಜೆ ಸಭಾಭವನದ ಕೋಣೆಯೊಂದನ್ನು ಬಿಟ್ಟುಕೊಡುವುದೂ ಸಾಧ್ಯ. ಆಲ್ಕೊಹಾಲಿಕ್ಸ್ ಅನಾನಿಮಸ್ ಹೊರಗಿನವರ ದೇಣಿಗೆಯನ್ನು ಸ್ವೀಕರಿಸುವುದಿಲ್ಲ. ಕೋಣೆಗೆ ಅಲ್ಪ ಬಾಡಿಗೆಯನ್ನಾದರೂ ತಾನೇ ಕೊಡುತ್ತದೆ. ಆದುದರಿಂದ ದಾನಿಗಳ ಹೆಸರಿನ ಕಲ್ಲಿಗೆ ಅಲ್ಲಿ ಎಡೆಯಿಲ್ಲ. ಹೆಸರು ಬರೆಯಿಸಿಕೊಳ್ಳದೆ ಮಾಡುವ ಈ ಸೇವೆಯಿಂದ ಒಂದು ಮನೆಯಲ್ಲಿ ಸುಳ್ಳು ನಿಂತರೂ ಅದು ಸ್ಥಿತೀಕರಣವೇ.