ಇಲಿಯ ಕಣ್ಣೂ ನಮ್ಮ ದೃಷ್ಟಿಯೂ

ಮೂಕಜೀವಿಯ ನೋವೂ ನೋವೇ ಎಂಬುದು ಶರಣರ ಬೋಧೆ. ಬಲಿಗೆಂದು ತಂದ ಕುರಿಯನ್ನು ಕಂಡು ಬಸವಣ್ಣನವರು ಮರುಗಿದುದನ್ನು ವಾಚಕರು ಬಲ್ಲರು. ಬಲಿಪೀಠದ ಮುಂದೆ ಸಲ್ಲುವ ಆ ಮರುಕವು ಪ್ರಯೋಗಶಾಲೆಯಲ್ಲಿ ಸಲ್ಲದೆ? ಇದು ವಿವೇಚನೆಗೆ ತಕ್ಕ ಪ್ರಶ್ನೆ.

ಮಾನ್ವಿಯ ಕಡೆಯ ವೃದ್ಧರೊಬ್ಬರು ನನಗೆ ಪರಿಚಿತರು. ನಿತ್ಯವೂ ವಚನಗಳನ್ನು ಓದುವ ಅವರಿಗೆ ಪುಟದ ಸಾಲುಗಳು ಡೊಂಕಾಗಿ ಕಾಣತೊಡಗಿದವು. ಬರಬರುತ್ತ ದೃಷ್ಟಿಯ ನಡುವೆಯೇ ಕಪ್ಪು ಕವಿಯಿತು. ಅಕ್ಷಿಪಟಲದ ಕೆಳಗೆ ಬೆಳೆಯಬಾರದ ರಕ್ತನಾಳಗಳು ಬೆಳೆದು ಒಸರುತ್ತಿವೆಯೆಂದು ರಾಯಚೂರಿನ ವೈದ್ಯರು ತಿಳಿಸಿ, ಕಣ್ಣಿನೊಳಕ್ಕೆ ಚುಚ್ಚುಮದ್ದು ಕೊಟ್ಟರು. ಕೆಲವು ತಿಂಗಳಲ್ಲಿ ಅವರು ಮರಳಿ ದಪ್ಪಕ್ಷರಗಳನ್ನು ಓದುವಂತಾದರು.

ಸಂತೋಷವೇ ಸರಿ. ಆದರೆ ಮದ್ದು ಬಂದ ದಾರಿಯನ್ನೂ ನೋಡಬೇಕು. ಕೋತಿಗಳ ಕಣ್ಣಿಗೆ ಲೇಸರ್ ಕಿರಣ ಹಾಯಿಸಿ ಈ ರೋಗವನ್ನು ಹೋಲುವ ಸ್ಥಿತಿಯನ್ನು ಉಂಟುಮಾಡುವ ವಿಧಾನವನ್ನು ಅಮೆರಿಕದ ವೈದ್ಯ ಸ್ಟೀಫನ್ ರಯನ್ 1979ರಲ್ಲಿ ಪ್ರಕಟಿಸಿದರು. ಕಿರಣವು ಅಕ್ಷಿಪಟಲದಡಿಯ ಬ್ರೂಕ್ ಪೊರೆಯನ್ನು ಸೀಳಿದರೆ, ಆ ಸೀಳಿನಲ್ಲಿ ಕೆಳಗಣ ನಾಳಗಳು ಮೇಲಕ್ಕೆ ಚಿಗುರುತ್ತವೆ. ಮುಂದೆ ಇಲಿಗಳಲ್ಲಿಯೂ ಸುಂಡಿಲಿಗಳಲ್ಲಿಯೂ ಇದೇ ವಿಧಾನ ರೂಢಿಯಾಯಿತು. ಸಾಮಾನ್ಯವಾಗಿ ಎರಡು ವಾರಗಳ ತರುವಾಯ ಇಲಿಯನ್ನು ಕೊಂದು ಕಣ್ಣನ್ನು ಪರೀಕ್ಷಿಸುವರು. ನಾಳಗಳನ್ನು ಬೆಳೆಸುವ ದ್ರವ್ಯವನ್ನು ತಡೆಯುವ ರಾನಿಬಿಜುಮಾಬ್ ಎಂಬ ಮದ್ದು ಕೋತಿಗಳಲ್ಲಿ ಪರೀಕ್ಷೆಗೊಂಡು, 2006ರಲ್ಲಿ ಅಮೆರಿಕದಲ್ಲಿ ಈ ನೇತ್ರರೋಗಕ್ಕೆ ಮಾನ್ಯವಾಯಿತು.

ಇದನ್ನು ತರಗತಿಯಲ್ಲಿ ಹೇಳಿದಾಗ ದೇವದುರ್ಗದ ವಿದ್ಯಾರ್ಥಿಯೊಬ್ಬನು, “ಗುರುಗಳೇ, ನಮ್ಮ ಹೊಲದಾಗ ಇಲಿಗೆ ವಿಷ ಇಡ್ತೀವ್ರಿ, ಆ ಇಲಿಗೆ ಮರುಕ ಯಾಕ್ರಿ?” ಎಂದನು. ಹೊಲದ ಇಲಿ ತಾನಾಗಿ ಬಂದುದು. ಪಂಜರದ ಇಲಿಯನ್ನು ಹುಟ್ಟಿಸಿದವರು ನಾವು. ನಮ್ಮಿಚ್ಛೆಯಿಂದ ಹುಟ್ಟಿದುದರ ಹೊಣೆ ನಮ್ಮದೇ ಎಂದೆನು.

ಇಂಗ್ಲಿಷ್ ವರದಿಗಳಲ್ಲಿ ಪ್ರಾಣಿಯನ್ನು ‘ಕೊಂದೆವು’ ಎನ್ನದೆ, ಬಲಿಯೆಂದೂ ತ್ಯಾಗವೆಂದೂ ಅರ್ಥಕೊಡುವ ಪದವನ್ನು ಬಳಸುವುದುಂಟು. ಇಲ್ಲಿಯೇ ಎಚ್ಚರ ಬೇಕು. ದಾಸೋಹವೆಂದರೆ ತನ್ನದನ್ನು ಅರ್ಪಿಸುವುದು. ಪರರ ಪ್ರಾಣವನ್ನಿತ್ತು ತ್ಯಾಗಿಯೆನಿಸಿಕೊಳ್ಳುವುದು ಅದಲ್ಲ. ಇಲಿಯು ಏನನ್ನೂ ಕೊಡಲಿಲ್ಲ, ನಾವು ತೆಗೆದುಕೊಂಡೆವು. ಈ ಸತ್ಯವನ್ನು ಮರೆಮಾಚುವ ಮಾತು ಕರುಣೆಯನ್ನು ಮೊಂಡುಗೊಳಿಸುತ್ತದೆ.

ಮೇಲಾಗಿ, ಮನುಷ್ಯನ ನಡುದೃಷ್ಟಿಗೆ ಆಧಾರವಾದ ಮ್ಯಾಕುಲಾ ಎಂಬ ಭಾಗವೇ ಇಲಿಗಿಲ್ಲ. ನಮ್ಮ ರೋಗವು ಮುಪ್ಪಿನೊಡನೆ ಮೆಲ್ಲನೆ ಬರುವಂಥದು. ಅದರದು ಕ್ಷಣದ ಗಾಯ. ಆದುದರಿಂದ ಅದರ ಕಣ್ಣು ಹೇಳಬಲ್ಲದಕ್ಕೂ ಮಿತಿಯುಂಟು. ಆ ಮಿತಿಯನ್ನರಿಯದೆ ಗೈದ ಪ್ರಯೋಗವು ಬರಿಯ ಹಿಂಸೆ. ಬದಲಿಯಿದ್ದರೆ ಪ್ರಾಣಿಯನ್ನು ಬಿಡಿರಿ, ಸಂಖ್ಯೆಯನ್ನು ತಗ್ಗಿಸಿರಿ, ನೋವನ್ನು ಕಡಿಮೆಮಾಡಿರಿ ಎಂದು ರಸೆಲ್ ಮತ್ತು ಬರ್ಚ್ ಎಂಬ ವಿದ್ವಾಂಸರು 1959ರಲ್ಲಿ ಸಾರಿದರು. ಸಾಧ್ಯವಿದ್ದಲ್ಲಿ ಪ್ರಾಣಿಪ್ರಯೋಗವನ್ನು ವರ್ಜಿಸಬೇಕು, ಅರಿವಳಿಕೆ ಕೊಡಬೇಕು ಎಂಬುದು ನಮ್ಮ ದೇಶದ 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ ಆಶಯವೂ ಹೌದು.

ಹಾಗಾದರೆ ಆ ವೃದ್ಧರು ಮದ್ದನ್ನು ನಿರಾಕರಿಸಬೇಕಿತ್ತೆ? ಹಾಗೆನ್ನಲು ನನಗೆ ಬಾಯಿಲ್ಲ. ಈ ಸಂಗತಿಯನ್ನು ತಿಳಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ಈ ಕಣ್ಣು ಸಾಲದ್ದು” ಎಂದರು. ಸಾಲವೆಂದು ಅರಿತವನು ದುಂದುಮಾಡನು. ಪ್ರಯೋಗಮಾಡುವವರಿಗೂ ಫಲವನ್ನುಣ್ಣುವ ನಮಗೂ ಈ ಅರಿವು ಇರಲಿ.