ಮೈದಾನದ ಅಂಚಿನಲ್ಲಿ ಕೂತವರು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮಳೆ ನಿಂತು ಶಾಲೆಯ ಮೈದಾನ ಒಣಗಿತೆಂದರೆ ಮಕ್ಕಳಿಗೆ ಅದೇ ಹಬ್ಬ. ಡ್ರಿಲ್ ಪೀರಿಯಡ್ಡಿನ ಗಂಟೆ ಹೊಡೆದರೆ ಸಾಕು, ಖೋ ಖೋ, ಕಬಡ್ಡಿ, ತ್ರೋಬಾಲ್. ಆದರೆ ಒಂದಿಬ್ಬರಿಗೆ ಆ ಗಂಟೆ ಕೇಳಿದರೆ ಹೊಟ್ಟೆಯಲ್ಲಿ ಸಂಕಟ. ಇಬ್ಬರು ನಾಯಕಿಯರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತಾರೆ. ಕೊನೆಗೆ ಉಳಿಯುವವಳು ಮೈ ತುಂಬಿದ ಹುಡುಗಿ. ನಾನು ಓದುವಾಗ ನನಗೂ ಅಂಥ ಗೆಳತಿಯೊಬ್ಬಳಿದ್ದಳು. ಉಳಿದವರ ಚಪ್ಪಲಿ, ಬಳೆ ಕಾಯುವುದೇ ಅವಳ ಪಾಲಿನ ಆಟವಾಗಿತ್ತು.

ಲೆಕ್ಕ ಬಾರದ ಮಗುವಿಗೆ ಮೇಷ್ಟ್ರು ಇನ್ನೊಮ್ಮೆ ಹೇಳಿಕೊಡುತ್ತಾರೆ. ಹೊರಗೆ ಕೂತು ಬೇರೆಯವರ ಚೀಲ ಕಾಯಿ ಎನ್ನುವುದಿಲ್ಲ. ಓಡಲು ಕಷ್ಟಪಡುವ ಮಗುವಿಗೆ ಮಾತ್ರ ಈ ನ್ಯಾಯ ಏಕೆ? ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಚುರುಕಾದವರಿಗೆ ಮಾತ್ರ ಹೇಳಿದ ಮಾತಲ್ಲ.

ನನಗನಿಸುವಂತೆ, ನಾವು ತೂಕವನ್ನು ಗುಣದೋಷವೆಂದು ಎಣಿಸುತ್ತೇವೆ. ತಿಂದು ತಿಂದು ಹೀಗಾಗಿದ್ದಾಳೆ, ಸೋಮಾರಿ ಎಂದುಬಿಡುತ್ತೇವೆ. ಮೈಕಟ್ಟು ಮನೆತನದಿಂದಲೂ ಬರುತ್ತದೆ. ಊಟ, ನಿದ್ದೆ, ಕಾಯಿಲೆ, ಆಡಲು ಜಾಗವಿಲ್ಲದಿರುವುದು ಎಲ್ಲವೂ ಸೇರಿಕೊಳ್ಳುತ್ತವೆ. ನಾಚಿಕೆಪಡಿಸಿದರೆ ಮಗು ಓಡುತ್ತದೆಂದು ತಿಳಿಯುವುದೂ ತಪ್ಪು. ನಾಚಿದ ಮಗು ಹೊಟ್ಟೆನೋವಿನ ನೆಪ ಹುಡುಕುತ್ತದೆ, ಅಷ್ಟೆ. ಅಮ್ಮಂದಿರಾದ ನಾವೂ ಮರುಕದಿಂದ "ಅದಕ್ಕೆ ಓಡುಕಾತಿಲ್ಲೆ ಮಾಷ್ಟ್ರೆ" ಎಂದು ಚೀಟಿ ಕಳಿಸುತ್ತೇವೆ. ಮರುಕವೂ ಅವಳನ್ನು ಅಂಚಿನಲ್ಲೇ ಕೂರಿಸುತ್ತದೆ.

ಎಲ್ಲರಿಗೂ ಒಂದೇ ಸೀಟಿ, ಒಂದೇ ಓಟ ಎಂದರೆ ಸಮಾನತೆಯಲ್ಲವೇ ಎಂದು ಕೇಳಬಹುದು. ನಮ್ಮ ವಂಡ್ಸೆ ಕಡೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 56 ಕೆ.ಜಿ. ವಿಭಾಗದ ಭಾರ ಎತ್ತುವಿಕೆಯಲ್ಲಿ. ನೂರು ಕೆ.ಜಿ.ಯವರ ಎದುರು ಅವರನ್ನು ಯಾರೂ ನಿಲ್ಲಿಸಲಿಲ್ಲ. ದೇಹಗಳು ಬೇರೆ ಬೇರೆ ಎಂದು ದೊಡ್ಡವರ ಕ್ರೀಡೆಯೇ ಒಪ್ಪಿಕೊಂಡಿರುವಾಗ ಶಾಲೆಯ ಮೈದಾನ ಒಪ್ಪಲಾರದೇ?

ದಪ್ಪಗಿರುವವಳಿಗೆ ಗುಂಡೆಸೆತ, ಹಗ್ಗಜಗ್ಗಾಟ ಇದೆಯಲ್ಲ ಎನ್ನುವವರಿದ್ದಾರೆ. ಒಳ್ಳೆಯದೇ. ಆದರೆ ಅಷ್ಟಕ್ಕೇ ನಿಂತರೆ, ತಂಡಕ್ಕೆ ಉಪಯೋಗಕ್ಕೆ ಬಂದರೆ ಮಾತ್ರ ನಿನಗೆ ಜಾಗ ಎಂದಂತಾಯಿತು. ಅವಳಿಗೆ ಖೋ ಖೋ ಇಷ್ಟವಿರಬಹುದು. ಒಂದು ಪದಕವೂ ಬಾರದಿದ್ದರೂ ಆಡುವ ಹಕ್ಕು ಅವಳದು. ಶಾಲೆ ಇರುವುದು ಗೆಲ್ಲುವವರನ್ನು ಆರಿಸಲು ಮಾತ್ರವಲ್ಲ.

ಇದಕ್ಕೆ ಖರ್ಚೇನೂ ಇಲ್ಲ. ತಂಡವನ್ನು ಚೀಟಿ ಎತ್ತಿ ಮಾಡಬಹುದು. ಹೋದ ವಾರ ಅರ್ಧ ಸುತ್ತು ಓಡಿದವಳು ಈ ವಾರ ಮುಕ್ಕಾಲು ಸುತ್ತು ಓಡಿದರೆ ಅದನ್ನೇ ಗೆಲುವೆಂದು ಬರೆದುಕೊಳ್ಳಬಹುದು. ಅಡ್ಡಹೆಸರು ಕೂಗುವುದನ್ನು ಮೇಷ್ಟ್ರು ಮೊದಲ ದಿನವೇ ನಿಲ್ಲಿಸಬಹುದು.

ಮನೆಯಲ್ಲಿ ನಮ್ಮ ಕೆಲಸ ಇನ್ನೂ ಸಣ್ಣದು. ಮಗಳು ಶಾಲೆಯಿಂದ ಬಂದಾಗ ಎಷ್ಟನೆಯವಳಾಗಿ ಬಂದೆ ಎಂದು ಕೇಳುವ ಬದಲು, ಇವತ್ತು ಎಂತ ಆಡಿದೆ ಎಂದು ಕೇಳೋಣ.