ಒಂದು ಕಪ್ಪು ಚಹಾಕ್ಕೆ ಎಷ್ಟು ಹೊತ್ತು?

ಹುಕ್ಕೇರಿ ನನ್ನ ತವರು, ಗೋಕಾಕದಲ್ಲಿ ಮನೆ, ಮೂಡಲಗಿಯಲ್ಲಿ ನೌಕರಿ. ಈ ಮೂರು ಊರುಗಳ ನಡುವೆ ಬಸ್ಸು ಹತ್ತಿ ಇಳಿಯುವುದರಲ್ಲೇ ಅರ್ಧ ಆಯುಷ್ಯ ಕಳೆದವಳು ನಾನು. ಬಸ್ಸು ತಪ್ಪಿದಾಗ, ಮಳೆ ಹಿಡಿದಾಗ, ತಲೆನೋವು ಬಂದಾಗ ಒಂದು ತಾಸು ಕೂಡಲು ಜಾಗ ಹುಡುಕಿದ್ದೇನೆ. ಆದ್ದರಿಂದ ಇಲ್ಲಿಯ ಹೋಟೆಲು, ಚಹಾದಂಗಡಿಗಳ ಬಗ್ಗೆ ಮಾತನಾಡುವ ಅಧಿಕಾರ ನನಗೂ ಸ್ವಲ್ಪ ಇದೆ ಎಂದುಕೊಂಡಿದ್ದೇನೆ. ಚಹಾದ ರುಚಿಯ ಮಾತಲ್ಲ, ಕೂಡುವ ಮಾತು.

ಗೋಕಾಕದಲ್ಲಿ ಕರದಂಟಿನ ಅಂಗಡಿಗಳಿಗೆ ಬರವಿಲ್ಲ. ಆದರೆ ಅಲ್ಲಿ ನಿಂತು, ತೂಕ ಹಾಕಿಸಿಕೊಂಡು, ಹೊರಡಬೇಕು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲುಗಳಲ್ಲಿ ಕುರ್ಚಿಗಳೇನೋ ಇವೆ. ಇಡ್ಲಿ ಮುಗಿಯುವ ಮೊದಲೇ ಮುಂದಿನ ಗಿರಾಕಿ ನಿಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾನೆ. ಈಚೆಗೆ ಗಾಜಿನ ಬಾಗಿಲಿನ, ಮೆತ್ತನೆಯ ಸೋಫಾಗಳ ಕಾಫಿಯಂಗಡಿಗಳು ಬಂದಿವೆ. ಅಲ್ಲಿ ಯಾರೂ ಎಬ್ಬಿಸುವುದಿಲ್ಲ, ಆದರೆ ಒಂದು ಕಾಫಿಯ ದುಡ್ಡಿನಲ್ಲಿ ಮನೆಗೆ ಎರಡು ದಿನದ ಕಾಯಿಪಲ್ಲೆ ಬರುತ್ತದೆಂಬ ಲೆಕ್ಕ ನನ್ನ ತಲೆಯಿಂದ ಇಳಿಯುವುದಿಲ್ಲ. ಮೂಡಲಗಿಯಲ್ಲಿ ಸಂತೆಯ ದಿನ ಮಿರ್ಚಿ ಭಜಿಯ ಅಂಗಡಿಯ ಬೆಂಚು ತುಂಬ ಗಂಡಸರು. ಹುಕ್ಕೇರಿಯಲ್ಲೂ ಅಷ್ಟೆ, ನಾಲ್ಕು ಮಂದಿ ಎರಡು ಚಹಾ ಹಂಚಿಕೊಂಡು, ಒಂದೇ ಪೇಪರಿನ ಹಾಳೆಗಳನ್ನು ಹರಿದು ಹಂಚಿಕೊಂಡು, ಸರಕಾರ ಬೀಳಿಸಿ ಮತ್ತೆ ಕಟ್ಟುತ್ತಾರೆ. ಅವರನ್ನು ‘ಯಾಕೆ ಕೂತಿರಿ’ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ನಾವು ಹೆಣ್ಣುಮಕ್ಕಳು ಒಳಗೆ ಕಾಲಿಟ್ಟರೆ ಪರದೆಯ ಹಿಂದಿನ ಫ್ಯಾಮಿಲಿ ರೂಮಿಗೆ ಕೈ ತೋರಿಸುತ್ತಾರೆ. ಒಬ್ಬಳೇ ಹೋದರೂ ಅದೇ. ಒಬ್ಬ ಹೆಂಗಸನ್ನು ಒಂದು ಫ್ಯಾಮಿಲಿ ಎಂದು ಲೆಕ್ಕ ಹಿಡಿಯುವ ಔದಾರ್ಯ ನಮ್ಮ ಕಡೆ ಹೋಟೆಲುಗಳಲ್ಲಿ ಮಾತ್ರ ಇದೆ! ಒಳಗೆ ಗಾಳಿಯಿಲ್ಲ, ಬೆಳಕಿಲ್ಲ, ಪುಸ್ತಕದ ಅಕ್ಷರ ಕಾಣುವುದಿಲ್ಲ. ಹಾಗೂ ಕೂತರೆ ಮನಸ್ಸೇ ಕೇಳುತ್ತದೆ: ಚಹಾ ಮುಗೀತಲ್ಲ, ಇನ್ನೇನು ಕೆಲಸ? 2023ರ ಜೂನ್ 11ರಿಂದ ಸರಕಾರ ನಮಗೆ ಬಸ್ಸು ಪುಕ್ಕಟೆ ಮಾಡಿತು. ಹೋಗುವುದು ಸಲೀಸಾಯಿತು. ಹೋದ ಮೇಲೆ ಕೂಡುವುದೆಲ್ಲಿ?

ನನ್ನ ಮನಸ್ಸಿನಲ್ಲಿದ್ದ ಈ ಪ್ರಶ್ನೆಯನ್ನು ನಾನೇ ಇನ್ನೊಬ್ಬಳಿಗೆ ಕೇಳಿದ್ದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನನ್ನ ಕೈಯಲ್ಲಿ ಕಲಿತು ಮುಂದೆ ಡಿಗ್ರಿ ಮುಗಿಸಿದ್ದ ಹುಡುಗಿಯೊಬ್ಬಳು ಮಧ್ಯಾಹ್ನ ನಾಲ್ಕಕ್ಕೆ ಹೋಟೆಲಿನಲ್ಲಿ ಒಬ್ಬಳೇ ಕೂತಿದ್ದಳು. ಪರದೆಯ ಒಳಗಲ್ಲ, ಹೊರಗೆ, ಕಿಟಕಿಯ ಹತ್ತಿರ. ಮುಂದೆ ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ಪುಸ್ತಕ, ಖಾಲಿ ಕಪ್ಪು. ‘ಇಲ್ಲೇನು ಮಾಡ್ತೀಯವಾ?’ ಎಂದೆ. ‘ಓದಾಕತ್ತೇನ್ರಿ ಅಕ್ಕೋರ’ ಎಂದಳು. ಕಣ್ಣಿಗೆ ಕಾಣುವ ಉತ್ತರ. ನಾನು ಮಾತ್ರ ಅದನ್ನು ನಂಬಲಿಲ್ಲ. ಎರಡು ದಿನ ಬಿಟ್ಟು ಅವಳ ತಾಯಿ ಭೆಟ್ಟಿಯಾದಾಗ, ಮಗಳ ಮೇಲೆ ಸ್ವಲ್ಪ ನಿಗಾ ಇರಲಿ ಎಂದುಬಿಟ್ಟೆ. ಅಷ್ಟೇ ಸಾಕಾಯಿತು. ಮತ್ತೆ ಆ ಕಿಟಕಿಯ ಹತ್ತಿರ ಅವಳನ್ನು ಕಾಣಲಿಲ್ಲ. ಮರುವರ್ಷ ಮದುವೆಯ ಕಾರ್ಡು ಬಂತು.

ಅವರ ಮನೆಗೆ ನಾನು ಹೋಗಿದ್ದು ಆ ಮದುವೆಯ ಹೊತ್ತಿಗೆ. ಎರಡು ಖೋಲಿ, ಎಂಟು ಮಂದಿ, ಹೊರಗಿನ ಖೋಲಿಯಲ್ಲಿ ಇಡೀ ದಿನ ಟಿವಿ. ಊರಿನ ವಾಚನಾಲಯದಲ್ಲಿ ಓದಬಾರದೇ ಎಂದು ನೀವು ಕೇಳಬಹುದು. ಅಲ್ಲಿ ಪೇಪರಿನ ಮೇಜಿನ ಸುತ್ತ ಕೂತವರ ಕಣ್ಣು ಪೇಪರಿನ ಮೇಲೆ ಇರುವುದಿಲ್ಲ ಎಂದು ಅವಳ ತಂಗಿ ಹೇಳಿದಳು. ಹುಡುಗಿ ಎಲ್ಲವನ್ನೂ ವಿಚಾರ ಮಾಡಿಯೇ ಆ ಕಿಟಕಿಯನ್ನು ಆರಿಸಿಕೊಂಡಿದ್ದಳು. ಒಂದು ಚಹಾದ ದುಡ್ಡಿಗೆ ಅವಳು ಕೊಂಡದ್ದು ಚಹಾ ಅಲ್ಲ, ಎರಡು ತಾಸಿನ ಬೆಳಕು.

ಆದರೆ ಅಂಗಡಿಯವನ ಮಾತೂ ಒಂದಿದೆಯಲ್ಲ? ಚಹಾ ಮಾರಲು ಕೂತವನು ಕುರ್ಚಿಯನ್ನು ದಾನ ಮಾಡಬೇಕೇ? ಹುಕ್ಕೇರಿಯಲ್ಲಿ ನನಗೆ ಪರಿಚಯದ ಚಹಾದಂಗಡಿಯವರನ್ನು ಇದನ್ನೇ ಕೇಳಿದೆ. ‘ಗ್ಯಾಸಿನ ರೇಟ್ ನೋಡ್ರಿ, ಹಾಲಿನ ರೇಟ್ ನೋಡ್ರಿ’ ಎಂದು ಶುರು ಮಾಡಿದರು. ಆಮೇಲೆ ತಾವೇ ಹೇಳಿದರು: ‘ಮುಂಜಾನೆ ಎಂಟರಿಂದ ಹತ್ತರ ತನಕ ಯಾರ ಕುಂತ್ರೂ ನನಗ ತ್ರಾಸ ರೀ. ಮೂರರಿಂದ ಐದರ ತನಕ ಕುರ್ಚಿ ಮ್ಯಾಲೆ ನೊಣ ಕುಂದರ್ತಾವ. ಆವಾಗ ಮಂದಿ ಕುಂತ್ರ ನನಗೇನ ಲುಕ್ಸಾನು?’

ನ್ಯಾಯದ ಮಾತು. ಗದ್ದಲದ ಹೊತ್ತಿನಲ್ಲಿ ಎದ್ದು ಜಾಗ ಬಿಡುವುದು ಗಿರಾಕಿಯ ಧರ್ಮ. ಖಾಲಿ ಹೊತ್ತಿನಲ್ಲಿ ಕೂತವರ ನಿಮಿಷ ಎಣಿಸಬಾರದು. ವಿಯೆನ್ನಾ ನಗರದ ಕಾಫಿಮನೆಗಳಲ್ಲಿ ಒಂದು ಕಾಫಿ ತೆಗೆದುಕೊಂಡು ಎಷ್ಟು ಹೊತ್ತು ಬೇಕಾದರೂ ಕೂಡಬಹುದಂತೆ, ಮೇಲೆ ನೀರಿನ ಗ್ಲಾಸು ಬೇರೆ. ಆ ಪದ್ಧತಿಯನ್ನು 2011ರಲ್ಲಿ ಆಸ್ಟ್ರಿಯಾ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅದಕ್ಕೂ ಹಿಂದೆ, 17ನೆಯ ಶತಮಾನದ ಲಂಡನ್ನಿನಲ್ಲಿ, ಒಂದು ಪೆನ್ನಿ ಕೊಟ್ಟರೆ ಕಾಫಿಯೂ ಪತ್ರಿಕೆಯೂ ಪಂಡಿತರ ಮಾತೂ ಸಿಗುತ್ತಿತ್ತು. ಕೆಲವು ಕಾಫಿಮನೆಗಳನ್ನು ನಡೆಸುತ್ತಿದ್ದವರು ವಿಧವೆಯರು. ಗಿರಾಕಿಗಳಾಗಿ ಕೂತು ಹರಟುತ್ತಿದ್ದವರು ಮಾತ್ರ ಗಂಡಸರು. ಓದಿದಾಗ ನಮ್ಮ ಖಾನಾವಳಿಗಳು ನೆನಪಾದವು. ರೊಟ್ಟಿ ಬಡಿಯುವ ಕೈ ಹೆಣ್ಣಿನದು, ತಾಟಿನ ಮುಂದೆ ಕೂತವರು ಗಂಡಸರು. ದುಡಿಯಲು ಹೋದವಳಿಗೆ ಎಲ್ಲಿಯೂ ಪರದೆ ಕಟ್ಟುವುದಿಲ್ಲ.

ಹೋದ ತಿಂಗಳು ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಯಾರೋ ‘ಅಕ್ಕೋರ’ ಎಂದು ಕರೆದರು. ಅವಳೇ. ಜೊತೆಗೆ ಶಾಲೆಗೆ ಹೋಗುವ ವಯಸ್ಸಿನ ಮಗಳು. ‘ಬರ್ರಿ, ಚಹಾ ಕುಡಿಯೂಣು’ ಎಂದು ಕೈ ಹಿಡಿದು ಎದುರಿನ ಹೋಟೆಲಿಗೆ ಕರೆದುಕೊಂಡು ಹೋದಳು. ಪರದೆಯ ಕಡೆ ಕೈ ಮಾಡಿದವನನ್ನು ನೋಡದವಳಂತೆ ಬಾಗಿಲ ಪಕ್ಕದ ಮೇಜಿಗೆ ಕೂತಳು. ಅವಳ ತಾಯಿಗೆ ಹೇಳಿದವಳು ನಾನೇ ಎಂಬುದು ಅವಳಿಗೆ ಗೊತ್ತೋ ಇಲ್ಲವೋ. ಕೇಳುವ ಧೈರ್ಯ ಬರಲಿಲ್ಲ. ಮನೆ, ಗಂಡ, ಮಗಳ ಗಣಿತ ಎಂದು ಮಾತು ನಡೆಯಿತು. ಕಪ್ಪು ಖಾಲಿಯಾಯಿತು. ಮೇಜು ಒರೆಸುವವನು ಒಮ್ಮೆ ಬಂದು ಒರೆಸಿ ಹೋದ. ಎರಡನೆಯ ಸಲ ಬಂದಾಗ ನಾನು ರೂಢಿಯಂತೆ ಚೀಲ ಹೆಗಲಿಗೇರಿಸಿದೆ.

‘ಕುಂದರ್ರಿ ಅಕ್ಕೋರ, ಏನ್ ಅವಸರ?’ ಎಂದಳು. ಅವನ ಕಡೆ ತಿರುಗಿ, ‘ತಮ್ಮಾ, ಇನ್ನ ಎರಡು ಚಹಾ ತಗೊಂಡ ಬಾ. ಸಾವಕಾಶ ತಗೊಂಡ ಬಾ.’